ಪದ ಪರಿಚಯ: ಮುಪ್ಪು

ಮುಪ್ಪು (ನಾಮಪದ): ಇಳಿವಯಸ್ಸು, ವಾರ್ಧಕ್ಯ. ಇದು ಅಚ್ಚ ದ್ರಾವಿಡ ಪದ. ಮುದಿ, ಮುದುಕ, ಮುತ್ತಜ್ಜ ಇದರ ಒಡಹುಟ್ಟುಗಳು. ತಮಿಳು, ಮಲಯಾಳಂಗಳ ‘ಮೂಪ್ಪು’ ಹಿರಿತನವನ್ನೂ ಸೂಚಿಸುತ್ತದೆ; ಕನ್ನಡದಲ್ಲಿ ವಯಸ್ಸಾದ ಸ್ಥಿತಿ ಎಂಬ ಅರ್ಥವೇ ಗಟ್ಟಿಯಾಗಿ ಉಳಿದಿದೆ.

ವಚನಕಾರರು ಹೇಳಿದ ಮುಪ್ಪು ದೇಹದ್ದು. ಇಂದಿನ ಬರಹಗಳಲ್ಲಿ ಅದು ನಾಡಿಗೂ ಬರುತ್ತದೆ: ಹುಟ್ಟುವವರು ಕಡಿಮೆಯಾಗಿ ವಯಸ್ಸಾದವರ ಪಾಲು ಹೆಚ್ಚಿದಾಗ. ಜಪಾನಿನಲ್ಲಿ ನೂರಕ್ಕೆ ಸುಮಾರು 29 ಮಂದಿ 65 ದಾಟಿದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ 1.7 ಮಕ್ಕಳು; ವಲಸೆಯ ಲೆಕ್ಕ ಬಿಟ್ಟರೆ, ಜನಸಂಖ್ಯೆ ಕುಗ್ಗದಿರಲು ಸುಮಾರು 2.1 ಬೇಕು. ದುಡಿಯುವ ಕೈಗಳು ಕಡಿಮೆಯಾದಂತೆ ಪಿಂಚಣಿ, ಔಷಧಿ, ಆರೈಕೆಯ ಹೊರೆ ಉಳಿದವರ ಮೇಲೆ ಬೀಳುತ್ತದೆ.

ಬಳಕೆ: ‘ಸಿರಿ ಬರುವ ಮೊದಲೇ ನಾಡಿಗೆ ಮುಪ್ಪು ಬಂದರೆ ನೋಡಿಕೊಳ್ಳುವವರು ಯಾರು?’