ಬಾಂಬೆ ಸೋತ ವರ್ಷ

ಮೊನ್ನೆ ಅಕ್ಕನ ಸೊಸೆ ಫೋನ್ ಮಾಡಿದ್ಲು. "ಸಣ್ಣತ್ತೆ, ಫೈನಲ್‌ನಾಗೆ ಕರ್ನಾಟಕದೋರು ಬಾಂಬೆನ ಸೋಲಿಸಿದ ದಿನಾನೇ ನಮ್ಮತ್ತೆ ಬಾಂಬೆ ಮಾವನ್ನ ಒಲ್ಲೆ ಅಂದಿದ್ರಂತೆ, ಹೌದಾ?" ಅಂದ್ಲು. ನಗು ಬಂತು. ಐವತ್ತು ವರ್ಷದಿಂದ ನಮ್ಮ ಮನೆಯಾಗೆ ಈ ಕಥೆ ಹಿಂಗೇ ಓಡಾಡ್ತಾ ಐತೆ. ಅದರಾಗೆ ಎರಡು ತಪ್ಪು ಅವೆ. ನಾನಿನ್ನೂ ಇದ್ದಾಗಲೇ ಬರೆದಿಡ್ತೀನಿ, ಕೇಳ್ರೇ.

ಆವಾಗ ಅಪ್ಪ ಸೂರಗೊಂಡನಕೊಪ್ಪದಾಗೆ ಶಾಲೆ ಮೇಷ್ಟ್ರು. ನನಗೆ ಹತ್ತು ಹನ್ನೊಂದು ವರ್ಷ. ಹೊನ್ನಾಳಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಾಗೆ. ಇದು ಯಾಕೆ ಹೇಳ್ತೀನಿ ಅಂದ್ರೆ, ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಾಗೆ. ಹಂಗಾಗಿ ಅವರು ನಮ್ಮ ಜಿಲ್ಲೆಯ ಹುಡುಗ. ಕ್ರಿಕೆಟ್ ಅಂದ್ರೆ ಏನು ಅಂತ ಗೊತ್ತಿಲ್ಲದ ನಮ್ಮವ್ವನೂ "ನಮ್ಮ ಭದ್ರಾವತಿ ಹುಡುಗ ಎಷ್ಟು ಹೊಡೆದ?" ಅಂತ ಕೇಳ್ತಿದ್ಲು.

ಇನ್ನು ಬಾಂಬೆ ಮಾವ. ಅವ್ವನ ತಮ್ಮ, ಅಲ್ಲಿ ಬಟ್ಟೆ ಗಿರಣಿಯಾಗೆ ಕೆಲಸ. ವರ್ಷಕ್ಕೊಮ್ಮೆ ಯುಗಾದಿಗೆ ಬರೋನು. ಬಂದ್ರೆ ಬಾಯಿ ತುಂಬ ಬಾಂಬೆ. ನಲ್ಲಿ ನೀರು ಬಾಂಬೇದು, ರೈಲು ಬಾಂಬೇದು, ಕ್ರಿಕೆಟ್ಟಂತೂ ಬಾಂಬೇದೇ. ಕ್ರಿಕೆಟ್ ವಿಷಯದಾಗೆ ಅವನು ಹೇಳಿದ್ದು ಸುಳ್ಳೇನಲ್ಲ. 1958-59ರಿಂದ 1972-73ರ ತನಕ ಸತತ 15 ಸಲ ರಣಜಿ ಟ್ರೋಫಿ ಬಾಂಬೆಯೋರೇ ಗೆದ್ದಿದ್ರು. ನಮ್ಮ ಮೈಸೂರು ತಂಡ 1941-42ರಾಗೆ, 1959-60ರಾಗೆ ಫೈನಲ್‌ಗೆ ಹೋಗಿ ಎರಡು ಸಲಾನೂ ಅವರ ಕೈಯಾಗೇ ಸೋತು ಬಂದಿತ್ತು. ಮಾವನಿಗೆ ಅಕ್ಕನ್ನ ಕೊಡೋ ಮಾತೂ ಹಿಂಗೇ ಇತ್ತು. ಯಾರೂ ಕೇಳಿರಲಿಲ್ಲ, ಆಗಿಯೇ ಆಗುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು.

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆತು, ಆ ಸಲದ ರಣಜಿಗೆ ತಂಡನೂ ಅದೇ ಹೆಸರಿನಾಗೆ ಇಳೀತು. ಸೆಮಿಫೈನಲ್ ಬೆಂಗಳೂರಿನಾಗೆ, ಎದುರಿಗೆ ಬಾಂಬೆ. ನಾಯಕ ಪ್ರಸನ್ನ. ಆ ಕಡೆ ವಾಡೇಕರ್, ಗವಾಸ್ಕರ್. ಭಾರತ ತಂಡದ ನಾಯಕನೂ ವಾಡೇಕರೇ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಲ್ಲರೂ ಅವರ ಕೈಕೆಳಗೆ ಆಡಿದೋರು.

ನಮ್ಮನೇಲಿ ರೇಡಿಯೋ ಇತ್ತು. ಪೋಸ್ಟಾಫೀಸಿನಾಗೆ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸ್ಬೇಕಿದ್ದ ಕಾಲ ಅದು. ಪ್ರದೇಶ ಸಮಾಚಾರದ ಹೊತ್ತಿಗೆ ಜಗಲಿ ತುಂಬ ಗಂಡಸರು, ನಾವು ಬಾಗಿಲ ಸಂದಿಯಾಗೆ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ತಂಡ 385. ಇಷ್ಟು ಸಾಲುತ್ತಾ ಅಂತ ಯಾರಿಗೂ ಧೈರ್ಯ ಇಲ್ಲ. ಆಮೇಲೆ ಗವಾಸ್ಕರ್‌ನ ಪ್ರಸನ್ನ ಬೌಲ್ಡ್ ಮಾಡಿದ್ರು. ವಾಡೇಕರ್ ಚೆನ್ನಾಗಿ ಆಡ್ತಿದ್ದೋರು ಓಡುವಾಗ ಜಾರಿಬಿದ್ದು ರನೌಟ್. ಬಾಂಬೆ 307ಕ್ಕೆ ಮುಗೀತು.

78 ರನ್ ಮುನ್ನಡೆ. ಅಷ್ಟರ ಮೇಲೇ ಗೆದ್ದಂಗೆ ಅಂತ ಅಪ್ಪ ಹೇಳಿದಾಗ ಅವ್ವನಿಗೆ ಅರ್ಥ ಆಗಲಿಲ್ಲ. "ಆಟ ಮುಗಿದೇ ಇಲ್ಲ, ಗೆದ್ದಿದ್ದು ಹೆಂಗೆ?" ಅಪ್ಪ ಅಂದ್ರು, "ಎರಡನೇ ಪಂಕ್ತಿಗೆ ಹೊತ್ತು ಸಾಲದಿದ್ರೆ ಮೊದಲನೇ ಪಂಕ್ತಿ ಊಟ ನೋಡೇ ಅಡಿಗೆ ಹೆಂಗಿತ್ತು ಅಂತ ಹೇಳ್ತಾರಲ್ಲ, ಹಂಗೆ."

ಹಂಗಾಗಿ ಅದು ಸೆಮಿಫೈನಲ್. ಫೈನಲ್ ಆಡಿದ್ದು ಜೈಪುರದಾಗೆ, ರಾಜಸ್ಥಾನದ ಮೇಲೆ, 185 ರನ್‌ನಿಂದ ಗೆದ್ರು. ಅದು ಯಾರಿಗೂ ನೆನಪಿಲ್ಲ. ಬಾಂಬೆ ಸೋತ ಮೇಲೆ ಕಪ್ಪು ಬಂದಂಗೇ ಅಂತ ಜನ ತಿಳಿದಿದ್ರು. ಮಾರನೇ ವರ್ಷ ಫೈನಲ್‌ನಾಗೆ ಕರ್ನಾಟಕ, ಬಾಂಬೆ ಎದುರಾಗಿದ್ದು ನಿಜ. ಆ ಸಲ ಬಾಂಬೆ ಗೆದ್ದಿತು. ಅದನ್ನ ನಮ್ಮನೇಲಿ ಯಾರೂ ಬಾಯಿ ಬಿಡಲ್ಲ, ಎರಡೂ ವರ್ಷ ಕಲೆಸಿ ಒಂದು ಮಾಡ್ಕೊಂಡಿದೀವಿ.

ಇನ್ನೊಂದು ತಪ್ಪು ಅಕ್ಕಂದು. ಅವಳು ಒಲ್ಲೆ ಅಂದಿದ್ದು ಆ ದಿನ ಅಲ್ಲ, ಅದಕ್ಕೂ ಒಂದು ತಿಂಗಳು ಮುಂಚೆ. ಶೇಂಗಾ ಸುಲಿಯುವಾಗ, ಅವ್ವನಿಗೆ ಮಾತ್ರ ಕೇಳುವಂಗೆ ಅಂದಿದ್ಲು. ನಾನು ಪಕ್ಕದಾಗೇ ಕುಂತಿದ್ದೆ. ಅವ್ವ ತುಟಿ ಪಿಟಕ್ ಅನ್ನಲಿಲ್ಲ. ತಮ್ಮನ ಎದುರಿಗೆ ಬಾಯಿ ತೆರೆಯೋ ಧೈರ್ಯ ಅವಳಿಗೆ ಇರಲಿಲ್ಲ. ಅಕ್ಕ ಅಷ್ಟು ದಿನ ಸರಿಯಾಗಿ ಉಣ್ಣಲಿಲ್ಲ, ಅದು ಮಾತ್ರ ನನಗೆ ಚೆನ್ನಾಗಿ ನೆನಪೈತೆ.

ಯುಗಾದಿಗೆ ಮಾವ ಬಂದ. ಈ ಸಲ ಬಾಂಬೆ ಮಾತಿಲ್ಲ. ಊಟಕ್ಕೆ ಕುಂತಾಗ ಅಪ್ಪ ಬೇಕಂತಲೇ ಕೆಣಕಿದ್ರು. "ವಾಡೇಕರ್ ಜಾರದಿದ್ರೆ ಗೊತ್ತಾಗ್ತಿತ್ತು" ಅಂದ ಮಾವ. ಎಲ್ಲರೂ ನಕ್ಕರು, ಅವನೂ ನಕ್ಕ. ಅವನು ಹಂಗೆ ಸೋತು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಅವ್ವ ಹೋಳಿಗೆಗೆ ತುಪ್ಪ ಹಾಕ್ತಾ, ತಲೆ ಎತ್ತದೇ ಅಂದ್ಲು, "ತಮ್ಮಾ, ಹುಡುಗಿ ಒಲ್ಲೆ ಅಂತಾಳೆ. ನಾನೂ ಬ್ಯಾಡ ಅಂತೀನಿ."

ಮಾವ ನೀರು ಕೇಳಿದ. ಕುಡಿದು, ಇನ್ನೊಂದು ಹೋಳಿಗೆ ಹಾಕಿಸ್ಕೊಂಡ. ಎರಡು ವರ್ಷ ಊರಿಗೆ ಬರಲಿಲ್ಲ ಅನ್ನೋದನ್ನೂ ಬರೀಬೇಕು. ಅವ್ವ ಅದಕ್ಕೆ ಸಂಕಟಪಟ್ಲು. ಅಕ್ಕನ ಮದುವೆಗೂ ಅವನು ಬರಲಿಲ್ಲ.

ಆಮೇಲೆ ಒಂದಿನ ಅವನ ಕಾರ್ಡು ಬಂತು. ವಿಶ್ವನಾಥ್ ಗವಾಸ್ಕರ್ ತಂಗಿ ಕವಿತಾ ಅವರನ್ನ ಮದುವೆ ಆಗಿದ್ರಲ್ಲ, ಅದನ್ನೇ ಬರೆದಿದ್ದ: "ಅಕ್ಕಾ, ನಿಮ್ಮ ಭದ್ರಾವತಿ ಹುಡುಗ ನಮ್ಮೂರ ಅಳಿಯ ಆದ. ಈ ಯುಗಾದಿಗೆ ಬರ್ತೀನಿ." ಅವ್ವ ಅದನ್ನ ನನ್ನ ಕೈಯಾಗೆ ಎರಡು ಸಲ ಓದಿಸಿ, ಹೋಳಿಗೆಗೆ ಬೇಳೆ ಎಷ್ಟೈತೆ ಅಂತ ಡಬ್ಬಿ ನೋಡೋಕೆ ಒಳಗೆ ಹೋದ್ಲು.