ಮೇದೋಜೀರಕದ ಉರಿಯೂತವೂ ರಕ್ತದ ಹೆಪ್ಪೂ

ಮೇದೋಜೀರಕ ಗ್ರಂಥಿಗೆ ತೀವ್ರವಾದ ಉರಿಯೂತವುಂಟಾದಾಗ ಅದರ ಸುತ್ತಣ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟುವುದುಂಟು. ಇದಕ್ಕೆ ಕಾರಣವನ್ನು ಹೇಳುವಾಗ ವೈದ್ಯಗ್ರಂಥಗಳು ಸಾಮಾನ್ಯವಾಗಿ ‘ವಿರ್ಖೋ ತ್ರಯ’ವನ್ನು ಮುಂದಿಡುತ್ತವೆ: ನಾಳದ ಒಳಗೋಡೆಯ ಕೇಡು, ರಕ್ತಪ್ರವಾಹದ ಮಾಂದ್ಯ, ಹೆಪ್ಪುಗಟ್ಟುವ ಗುಣದ ಹೆಚ್ಚಳ. ಈ ತ್ರಯವು ವಿರ್ಖೋವಿನದೇ ಎಂಬುದೂ, ಈ ರೋಗಕ್ಕೆ ಅದು ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದೂ ವಿಚಾರಾರ್ಹವಾಗಿವೆ.

ಜರ್ಮನಿಯ ರುಡಾಲ್ಫ್ ವಿರ್ಖೋ (1821–1902) 1856ರಲ್ಲಿ ತನ್ನ ಲೇಖನಗಳ ಸಂಗ್ರಹವನ್ನು ಪ್ರಕಟಿಸಿದನು. ಶ್ವಾಸಕೋಶದ ನಾಳಗಳನ್ನು ಮುಚ್ಚುವ ಹೆಪ್ಪು ದೂರದ ಅಭಿಧಮನಿಯಲ್ಲಿ ಹುಟ್ಟಿ ಅಲ್ಲಿಗೆ ಹರಿದು ಬರಬಲ್ಲುದೆಂದು ಸ್ಥಾಪಿಸಿದುದೇ ಅದರಲ್ಲಿ ಆತನ ಮುಖ್ಯ ಸಾಧನೆ. ಮೂರು ಕಾರಣಗಳನ್ನು ಒಂದು ಸೂತ್ರವಾಗಿ ಪೋಣಿಸಿ ಅದಕ್ಕೆ ಆತನ ಹೆಸರನ್ನಿಟ್ಟವರು ಇಪ್ಪತ್ತನೆಯ ಶತಮಾನದ ವೈದ್ಯರು. 1865ರಲ್ಲಿ ಪ್ಯಾರಿಸ್ಸಿನ ಆರ್ಮಾಂ ಟ್ರೂಸೋ ಅರ್ಬುದರೋಗಿಗಳ ಅಭಿಧಮನಿಗಳಲ್ಲಿ ಹೆಪ್ಪನ್ನು ಗುರುತಿಸಿ, ಅದರ ಕಾರಣವನ್ನು ರಕ್ತದ ವಿಕಾರದಲ್ಲಿಯೇ ಅರಸಿದನು. ಹೀಗೆ ತ್ರಯವು ಒಬ್ಬನ ಸೊತ್ತಲ್ಲ.

ಮೇದೋಜೀರಕದ ಚರಿತ್ರೆ ಬೇರೊಂದು ದಾರಿಯಲ್ಲಿ ನಡೆಯಿತು. 1889ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಸ್ ಈ ಉರಿಯೂತದ ಲಕ್ಷಣಗಳನ್ನು ಕ್ರಮಬದ್ಧವಾಗಿ ವರ್ಣಿಸಿದನು. ಗ್ರಂಥಿಯು ತನ್ನ ಪಾಚಕರಸದಿಂದ ತಾನೇ ಜೀರ್ಣವಾಗುತ್ತದೆಂದು 1896ರಲ್ಲಿ ಪ್ರಾಗಿನ ಹಾನ್ಸ್ ಕಿಯಾರಿ ಪ್ರತಿಪಾದಿಸಿದನು. ಅದೇ ಕಿಯಾರಿ 1899ರಲ್ಲಿ ಯಕೃತ್ತಿನ ಅಭಿಧಮನಿಗಳು ಮುಚ್ಚಿಹೋಗುವ ರೋಗವನ್ನು ವರ್ಣಿಸಿದನು. ಆದರೆ ಅದು ಬೇರೆಯೇ ರೋಗ.

ಎರಡು ದಾರಿಗಳೂ ಕೂಡುವುದು ಶರೀರರಚನೆಯಲ್ಲಿ. ಗುಲ್ಮದಿಂದ ರಕ್ತವನ್ನು ತರುವ ಅಭಿಧಮನಿಯು ಮೇದೋಜೀರಕದ ಬೆನ್ನಿಗಂಟಿಕೊಂಡು ಹರಿದು, ಗ್ರಂಥಿಯ ಕೊರಳಿನ ಹಿಂದೆ ಕರುಳಿನ ಅಭಿಧಮನಿಯನ್ನು ಕೂಡಿ, ಯಕೃತ್ತಿಗೆ ಹೋಗುವ ಮಹಾನಾಳವಾಗುತ್ತದೆ. ಈ ರೋಗದಲ್ಲಿ ಹೆಚ್ಚಾಗಿ ಹೆಪ್ಪು ಕಾಣುವುದು ಗುಲ್ಮದ ಅಭಿಧಮನಿಯಲ್ಲಿಯೇ. ಸೋರಿದ ಪಾಚಕರಸವೂ ಉರಿಯೂತವೂ ನಾಳದ ಗೋಡೆಯನ್ನು ಕೆಡಿಸುತ್ತವೆ. ಬಾವೂ ಸುತ್ತ ಶೇಖರವಾದ ದ್ರವವೂ ನಾಳವನ್ನು ಒತ್ತಿ ಪ್ರವಾಹವನ್ನು ತಡೆಯುತ್ತವೆ. ದೇಹವ್ಯಾಪಿಯಾದ ಉರಿಯೂತವು ರಕ್ತವನ್ನು ಹೆಪ್ಪಿಗೆ ಅಣಿಗೊಳಿಸುತ್ತದೆ. ಗ್ರಂಥಿಯ ಭಾಗಗಳು ಸತ್ತುಹೋದ ರೋಗಿಗಳಲ್ಲಿ ಇವು ಮೂರೂ ಒಟ್ಟಾಗುವುದರಿಂದ ಅವರಿಗೇ ಅಪಾಯ ಹೆಚ್ಚು. ಮದ್ಯಪಾನದಿಂದ ಬಂದ ಉರಿಯೂತದಲ್ಲಿಯೂ ಹೆಪ್ಪು ಅಧಿಕವೆಂದು ಹಲವು ವರದಿಗಳು ಹೇಳುತ್ತವೆ. ದೀರ್ಘಕಾಲ ಹಾಸಿಗೆ ಹಿಡಿದವರ ಕಾಲಿನ ಅಭಿಧಮನಿಗಳಿಗೂ ಈ ಭಯವುಂಟು.

ಈ ವಿವೇಚನೆ ಕೇವಲ ಪಾಂಡಿತ್ಯದ ಮಾತಲ್ಲ. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮ್ಯಾಕ್‌ಲೀನ್ ನಡಸಿದ ಶೋಧದಿಂದ ಮುಂದೆ ಹೆಪಾರಿನ್ ಎಂಬ ಹೆಪ್ಪುನಿವಾರಕ ಔಷಧವು ದೊರೆಯಿತು. ಆದರೆ ಇಲ್ಲಿ ಅದು ಇಬ್ಬಾಯಿಯ ಖಡ್ಗ. ಪಾಚಕರಸವು ಕೊರೆದ ಅಪಧಮನಿ ಒಡೆಯಬಹುದು; ಗುಲ್ಮದ ಅಭಿಧಮನಿ ಮುಚ್ಚಿದರೆ ಜಠರದ ನಾಳಗಳು ಉಬ್ಬಿ ರಕ್ತಸ್ರಾವವಾಗಬಹುದು. ಹೆಪ್ಪು ಯಕೃತ್ತಿನ ಅಥವಾ ಕರುಳಿನ ನಾಳಕ್ಕೆ ಹಬ್ಬಿದಾಗಲಾದರೋ ಔಷಧವನ್ನು ಕೊಡದಿರುವುದೂ ಅಪಾಯಕರ. ಕೆಲವು ಹೆಪ್ಪುಗಳು ಉರಿಯೂತವಿಳಿದಂತೆ ತಾವಾಗಿಯೇ ಕರಗುತ್ತವೆ.

ಆದುದರಿಂದ ಮೂರು ಕಾರಣಗಳನ್ನು ಎಣಿಸಿದ ಮಾತ್ರಕ್ಕೆ ನಿರ್ಣಯವಾಗದು. ಹೆಪ್ಪು ಯಾವ ನಾಳದಲ್ಲಿದೆ, ಗ್ರಂಥಿಯು ಎಷ್ಟು ಸತ್ತಿದೆ ಎಂಬುದನ್ನು ನೋಡಿಯೇ ವೈದ್ಯನು ಮುಂದುವರಿಯಬೇಕಾಗುತ್ತದೆ. ವಿರ್ಖೋವಿನ ಹೆಸರು ಸೂತ್ರಕ್ಕೆ ಆಮೇಲೆ ಸೇರಿದುದಾದರೂ, ಶವವನ್ನು ಸೀಳಿ ಹೆಪ್ಪಿನ ಹುಟ್ಟುನೆಲೆಯನ್ನು ಹುಡುಕಿದ ಆತನ ಮಾರ್ಗವೇ ಇಲ್ಲಿಯೂ ದಾರಿಯನ್ನು ತೋರುತ್ತದೆ.