ಕಾರಿಗೆ ಅಡ್ಡಗಂಬ, ಸೈಕಲ್ಲಿಗೆ ದಾರಿ

ಸೆಪ್ಟೆಂಬರ್ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ತರಗತಿಗಳು ಶುರುವಾಗುವಾಗ, ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸೈಕಲ್ ವೃತ್ತಗಳ ಪಕ್ಕದಲ್ಲಿ ಜಾಗ ಹಿಡಿದು ಕೂರುತ್ತಾರೆ. ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ನಡುವೆ ಸಿಗುವುದು ಹತ್ತೇ ನಿಮಿಷ. ಅಷ್ಟರೊಳಗೆ ಸಾವಿರಾರು ಸೈಕಲ್ಲುಗಳು ಒಟ್ಟಿಗೇ ದಾರಿಗಿಳಿಯುತ್ತವೆ. ವೃತ್ತದ ಒಳಗಿರುವವನು ಮೊದಲು ಹೋಗಬೇಕು, ಹೊರಗಿನವನು ಕಾಯಬೇಕು; ಇಷ್ಟು ಗೊತ್ತಿಲ್ಲದ ಹೊಸಬರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನೋಡಲು ಕೂತವರಿಗೆ ಪುಕ್ಕಟೆ ಮನರಂಜನೆ.

ಕಾರಿನ ತವರಿನಂಥ ರಾಜ್ಯದಲ್ಲಿ ಸೈಕಲ್ಲುಗಳ ಈ ನೂಕುನುಗ್ಗಲು ಹುಟ್ಟಿದ್ದು ಹೇಗೆ?

ಊರು ಅಂಗೈಯಷ್ಟು ಸಪಾಟು, ಮಳೆ ಕಡಿಮೆ ಎಂಬುದು ಅರ್ಧ ಉತ್ತರ ಮಾತ್ರ. ಅಂಥ ಸಪಾಟು ಊರುಗಳು ಡೇವಿಸ್ ಇರುವ ಕಣಿವೆಯಲ್ಲಿ ಬೇಕಾದಷ್ಟಿವೆ. ಡೇವಿಸ್ ಕ್ಯಾಂಪಸ್ ಶುರುವಾಗಿದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಕೃಷಿ ಕ್ಷೇತ್ರವಾಗಿ. ಎಲ್ಲ ವಿಷಯಗಳನ್ನೂ ಕಲಿಸುವ ಪೂರ್ಣ ಕ್ಯಾಂಪಸ್ಸಿನ ಸ್ಥಾನ ಅದಕ್ಕೆ ಸಿಕ್ಕಿದ್ದು 1959ರಲ್ಲಿ. ಅದೇ ವರ್ಷ ಕುಲಪತಿಯಾಗಿ ಬಂದ ಎಮಿಲ್ ಮ್ರಾಕ್ ಯೀಸ್ಟ್ ಮೇಲೆ ಕೆಲಸ ಮಾಡಿದ್ದ ಆಹಾರ ವಿಜ್ಞಾನಿ. ವಿದ್ಯಾರ್ಥಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚಲಿದೆ ಎಂದು ಅವರಿಗೆ ಗೊತ್ತಿತ್ತು. ನಕ್ಷೆ ಬರೆಯುವವರಿಗೆ ಅವರು ಹೇಳಿದ್ದು ಇಷ್ಟೇ: ಸಾಲುಮರಗಳ ನಡುವೆ ಸೈಕಲ್ ಓಡಾಡುವ ಕ್ಯಾಂಪಸ್ ಮಾಡಿ. ಹೊಸದಾಗಿ ಸೇರುವವರಿಗೆ, ಬರುವಾಗ ಸೈಕಲ್ ತನ್ನಿ ಎಂಬ ಸಲಹೆಯೂ ಹೋಯಿತು. 1960ರ ದಶಕದ ನಡುವಿನಲ್ಲಿ ಕ್ಯಾಂಪಸ್ಸಿನ ನಡುಭಾಗದ ರಸ್ತೆಗಳಿಗೆ ಅಡ್ಡಗಂಬ ಬಿದ್ದು, ಕಾರುಗಳು ಹೊರಗುಳಿದವು.

ಕ್ಯಾಂಟೀನಿನ ಹಿಂದೆ ತಗಡಿನ ಶೆಡ್ಡೊಂದನ್ನು ಎಬ್ಬಿಸಿ, ಸೈಕಲ್ಲಿನವರಿಗೆ ಅನುಕೂಲ ಮಾಡಿದೆವು ಎಂದುಕೊಳ್ಳುವ ಕಾಲೇಜುಗಳು ಎಲ್ಲೆಲ್ಲೂ ಇವೆ. ಮ್ರಾಕ್ ಹಿಡಿದದ್ದು ತಿರುಗುಮುರುಗಾದ ದಾರಿ. ಸೈಕಲ್ಲಿಗೆ ಏನು ಕೊಡಬೇಕು ಎಂಬುದಕ್ಕಿಂತ ಮೊದಲು, ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಅದೂ ಕಟ್ಟಡಗಳು ಏಳುವ ಹೊತ್ತಿಗೇ.

ಆದರೆ ವಿದ್ಯಾರ್ಥಿ ಗೇಟು ದಾಟಿದರೆ ಊರಿನ ರಸ್ತೆ. 1960ರಲ್ಲಿ ಒಂಬತ್ತು ಸಾವಿರವೂ ಇರದಿದ್ದ ಊರಿನ ಜನಸಂಖ್ಯೆ ಹತ್ತು ವರ್ಷದಲ್ಲಿ ಇಪ್ಪತ್ತಮೂರು ಸಾವಿರ ದಾಟಿತು. ಜೊತೆಗೆ ಕಾರುಗಳೂ ಹೆಚ್ಚಿದವು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಚೈಲ್ಡ್, ಪತ್ನಿ ಈವ್ ಮತ್ತು ಮಕ್ಕಳು 1963ರ ಬೇಸಿಗೆಯನ್ನು ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ ಕಳೆದು ಬಂದರು. ಅಲ್ಲಿ ಮನೆಮಂದಿಯೆಲ್ಲ ಹೆದರಿಕೆಯಿಲ್ಲದೆ ಸೈಕಲ್ ತುಳಿದಿದ್ದರು. ಇಲ್ಲೇಕೆ ಆಗದು ಎಂದು ಕೇಳತೊಡಗಿದರು. ಪತ್ರಿಕೆಗೆ ಬರೆದರು, ನೆರೆಹೊರೆಯವರನ್ನು ಕೂಡಿಸಿದರು. ನಗರಸಭೆ ಒಪ್ಪಲಿಲ್ಲ. ಸೈಕಲ್ಲಿನ ಕಾಲ ಮುಗಿಯುತ್ತ ಬಂತು ಎಂಬುದು ಕೆಲವು ಸದಸ್ಯರ ಎಣಿಕೆ. 1966ರ ನಗರಸಭಾ ಚುನಾವಣೆಯಲ್ಲಿ ಅದೇ ವಿಷಯ ಮುನ್ನೆಲೆಗೆ ಬಂತು. ಸೈಕಲ್ ಪಥ ಬೇಕು ಎಂದವರು ಗೆದ್ದರು.

ಗೆದ್ದರೂ ಕಾನೂನಿನ ತೊಡಕಿತ್ತು. ರಸ್ತೆಯ ಒಂದು ಪಟ್ಟಿಯನ್ನು ಸೈಕಲ್ಲಿಗೆಂದೇ ಮೀಸಲಿಡುವ ಅಧಿಕಾರ ಊರುಗಳಿಗೆ ಇರಲಿಲ್ಲ. ಅದನ್ನು ಕೊಡುವ ಮಸೂದೆಗೆ ಸಹಿ ಹಾಕಿದ ರಾಜ್ಯಪಾಲ ರೊನಾಲ್ಡ್ ರೇಗನ್. 1967ರಲ್ಲಿ ಡೇವಿಸ್ ರಸ್ತೆಗಳ ಮೇಲೆ ಗೆರೆ ಬಿತ್ತು. ಅಮೆರಿಕದಲ್ಲಿ ಆಧುನಿಕ ಸೈಕಲ್ ಪಥಗಳ ಮೊದಲ ಊರು ಎಂಬ ಹೆಸರು ಅದಕ್ಕೆ ಬಂದದ್ದು ಹಾಗೆ.

ಮೊದಲ ಗೆರೆಗಳು ಪ್ರಯೋಗವೇ ಆಗಿದ್ದವು. ಥರ್ಡ್ ಸ್ಟ್ರೀಟಿನಲ್ಲಿ ಓಡುವ ಕಾರಿಗೂ ನಿಂತ ಕಾರಿಗೂ ನಡುವೆ ಸೈಕಲ್ಲಿಗೆ ಜಾಗ. ಸಿಕಮೋರ್ ಲೇನಿನಲ್ಲಿ ನಿಂತ ಕಾರುಗಳ ಸಾಲಿಗೂ ಫುಟ್‌ಪಾತಿಗೂ ನಡುವೆ. ಎರಡನೆಯದೇ ಹೆಚ್ಚು ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಳಕೆಯಲ್ಲಿ ಕೆಟ್ಟದೆನಿಸಿದ್ದು ಅದೇ: ತಿರುಗುವ ಕಾರಿನವನಿಗೆ, ನಿಂತ ಕಾರುಗಳ ಮರೆಯಲ್ಲಿ ಬರುವ ಸೈಕಲ್ ಕಾಣುತ್ತಿರಲಿಲ್ಲ. ಮೊದಲನೆಯದು ಉಳಿದುಕೊಂಡಿತು.

ಕ್ಯಾಂಪಸ್ಸಿನ ಒಳಗಿನ ತಾಪತ್ರಯ ಬೇರೆ. ಸೈಕಲ್ಲೇ ವಿಪರೀತವಾದಾಗ ಅಡ್ಡರಸ್ತೆಗಳಲ್ಲಿ ಡಿಕ್ಕಿಗಳಾದವು. 1970ರ ದಶಕದ ಆರಂಭದಲ್ಲಿ ಸೈಕಲ್ಲಿಗೆಂದೇ ವೃತ್ತಗಳು ಬಂದವು. ರಿಪೇರಿಗೆ 1971ರಲ್ಲಿ ‘ಬೈಕ್ ಬಾರ್ನ್’ ಎಂಬ ವಿದ್ಯಾರ್ಥಿಗಳದೇ ಅಂಗಡಿ ತೆರೆಯಿತು. ಕಳ್ಳರ ಕಾಟಕ್ಕೆ ನೋಂದಣಿ, ಪ್ರತಿ ಸೈಕಲ್ಲಿಗೆ ಒಂದು ನಂಬರು. ನಮ್ಮ ಪುರಸಭೆಗಳು ಒಂದು ಕಾಲಕ್ಕೆ ಕೊಡುತ್ತಿದ್ದ ಸೈಕಲ್ ಬಿಲ್ಲೆಯ ನೆನಪಿದ್ದವರಿಗೆ ಇದು ಹೊಸತಲ್ಲ. ನಮ್ಮದು ತೆರಿಗೆಯ ಬಿಲ್ಲೆ, ಅಲ್ಲಿಯದು ಕಳೆದ ಸೈಕಲ್ಲನ್ನು ಒಡೆಯನಿಗೆ ಮುಟ್ಟಿಸುವ ಗುರುತು, ವ್ಯತ್ಯಾಸ ಇಷ್ಟೇ.

ಕಥೆ ಮೇಲೇರುತ್ತಲೇ ಹೋಗಲಿಲ್ಲ. 1980ರ ಜನಗಣತಿಯ ವೇಳೆಗೆ ಡೇವಿಸ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ಶೇ 28 ಮಂದಿ ಸೈಕಲ್ ತುಳಿಯುತ್ತಿದ್ದರೆ, 2000ದ ಹೊತ್ತಿಗೆ ಅದು ಶೇ 14ಕ್ಕೆ ಇಳಿಯಿತು. ಊರು ಹರಡಿ ಮನೆಗಳು ದೂರವಾದವು. ಲಂಡನ್ನಿನ ಹಳೆಯ ಡಬಲ್ ಡೆಕ್ಕರುಗಳಿಂದ 1968ರಲ್ಲಿ ಶುರುವಾಗಿದ್ದ ವಿದ್ಯಾರ್ಥಿಗಳ ಬಸ್ ಸೇವೆಯೂ ಅಷ್ಟರಲ್ಲಿ ಚೆನ್ನಾಗಿ ಬೇರೂರಿತ್ತು. ಸೈಕಲ್ಲಿಗೆ ಮಣೆ ಹಾಕಿದ ಕ್ಯಾಂಪಸ್ಸೇ ಅದಕ್ಕೊಂದು ಪೈಪೋಟಿಯನ್ನೂ ಸಾಕಿತು!

2010ರಲ್ಲಿ ಅಮೆರಿಕದ ಸೈಕಲ್ ಸಾಧಕರ ‘ಹಾಲ್ ಆಫ್ ಫೇಮ್’ ನ್ಯೂಜರ್ಸಿಯಿಂದ ಡೇವಿಸ್‌ಗೆ ಸ್ಥಳಾಂತರವಾಯಿತು. ಕ್ಯಾಂಪಸ್ಸಿನಲ್ಲಿ ಇನ್ನೊಂದು ಬಗೆಯ ಸಂಗ್ರಹವೂ ಬೆಳೆಯುತ್ತಿರುತ್ತದೆ: ಓದು ಮುಗಿಸಿ ಹೋದವರು ಸ್ಟ್ಯಾಂಡಿನಲ್ಲೇ ಬಿಟ್ಟ ಸೈಕಲ್ಲುಗಳು. ಬೀಗ ಕತ್ತರಿಸಿ, ಒಂದೆಡೆ ರಾಶಿ ಹಾಕಿ ಅವನ್ನು ಹರಾಜಿಗಿಡುತ್ತಾರೆ. ಸೈಕಲ್ ತಾರದೆ ಬಂದ ಹೊಸ ವಿದ್ಯಾರ್ಥಿಗಳು ಹರಾಜಿನಲ್ಲಿ ಕೊಳ್ಳುತ್ತಾರೆ.